ಬಾಯಿ ತೆರೆಯದೆ ಹೋದ ಡ್ರೈವರ್

ಮಾಲೂರಿನ ಹೆಂಚಿನ ಕಾರ್ಖಾನೆಯೊಂದರ ಮುಂದೆ ನಮ್ಮ ವ್ಯಾನು ನಿಂತ ಮೊದಲ ದಿನ ಬಾಯಿ ತೋರಿಸಲು ಒಬ್ಬನೂ ಬರಲಿಲ್ಲ. ಬಂದದ್ದು ಒಂದು ಒಡೆದ ತಲೆ. ಲೋಡಿನ ಸರದಿಗಾಗಿ ಇಬ್ಬರು ಲಾರಿ ಡ್ರೈವರುಗಳು ಕೈಕೈ ಮಿಲಾಯಿಸಿ, ಒಬ್ಬ ಇನ್ನೊಬ್ಬನ ತಲೆಯ ಮೇಲೆ ಹೆಂಚು ಒಡೆದಿದ್ದ. ರಕ್ತ ಕಿವಿಯ ಹಿಂದಿನಿಂದ ಇಳಿದು ಖಾಕಿ ಅಂಗಿಯ ಕಾಲರು ನೆನೆದಿತ್ತು. ಡಾಕ್ಟರು ಅವನನ್ನು ವ್ಯಾನಿನ ಮೆಟ್ಟಿಲ ಮೇಲೆ ಕೂರಿಸಿ, ಕೂದಲು ಕತ್ತರಿಸಿ, ಗಾಯದಲ್ಲಿ ಸಿಕ್ಕಿದ್ದ ಹೆಂಚಿನ ಪುಡಿ ತೊಳೆದು ಹೊಲಿಗೆ ಹಾಕಿದರು. ಕೊನೆಯ ದಾರ ಕತ್ತರಿಸಿದ ಮೇಲೆ, ಅವನ ಸಿಟ್ಟು ಇಳಿಯುವ ಮೊದಲೇ, ಹಾಗೇ ಒಂದು ಸಲ ಬಾಯಿ ತೆಗಿಯಪ್ಪ ಎಂದರು. ಅವನು ಹೊಡೆದವನ ವಂಶವನ್ನೆಲ್ಲ ಬೈಯುತ್ತಲೇ ತೆಗೆದ. ನಮಗೆ ಸಿಕ್ಕ ಮೊದಲ ಬಾಯಿ ಅದು.

ಎಂಬತ್ತರ ದಶಕದ ನಡುವಿನ ಮಾತು. ಕೋಲಾರದ ಒಂದು ಧರ್ಮಾಸ್ಪತ್ರೆ ದೂರದೂರಿಗೆ ಹೋಗುವ ಲಾರಿ ಡ್ರೈವರುಗಳಲ್ಲಿ ಬಾಯಿಯ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡುವ ಕೆಲಸ ಹಚ್ಚಿಕೊಂಡಿತ್ತು. ನಾವು ಮೂರು ಜನ. ಬೆಂಗಳೂರಿನಲ್ಲಿ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿ ಬಂದಿದ್ದ ದಂತವೈದ್ಯರು, ವ್ಯಾನಿನ ಡ್ರೈವರ್, ಮತ್ತು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ಆರೋಗ್ಯ ಶಿಕ್ಷಕಿಯಾಗಿ ಸೇರಿದ್ದ ನಾನು. ಜನರನ್ನು ಮಾತಾಡಿಸಿ ಕರೆತರುವುದು, ಪರೀಕ್ಷೆಯ ಹೊತ್ತಿಗೆ ಟಾರ್ಚ್ ಹಿಡಿಯುವುದು, ಕಂಡದ್ದನ್ನು ಬರೆದುಕೊಳ್ಳುವುದು ನನ್ನ ಪಾಲು.

ಪರೀಕ್ಷೆಗೆ ಒಂದು ಕ್ರಮವಿತ್ತು. ಮೊದಲು ಬಾಯಿ ಮುಕ್ಕಳಿಸಲು ಹೇಳುವುದು. ಆಮೇಲೆ ತುಟಿಗಳ ಒಳಮೈ, ಕೆನ್ನೆಯ ಒಳಮೈ, ಕೊನೆಯ ಹಲ್ಲಿನ ಹಿಂದಿನ ಸಂದು. ನಾಲಿಗೆಯ ತುದಿಯನ್ನು ಗಾಯಕ್ಕೆ ಕಟ್ಟುವ ತೆಳು ಗಾಜ್ ಬಟ್ಟೆಯಲ್ಲಿ ಹಿಡಿದೆಳೆದು ಎರಡೂ ಅಂಚು, ಅಡಿಭಾಗ. ಕೊನೆಗೆ ದವಡೆಯ ಕೆಳಗೆ, ಕತ್ತಿನಲ್ಲಿ ಗಂಟು ಇದೆಯೇ ಎಂದು ಬೆರಳಿನಿಂದ ಒತ್ತಿ ನೋಡುವುದು. ಬಿಳಿ ಮಚ್ಚೆ ಕಂಡರೆ ಮರದ ಪಟ್ಟಿಯಿಂದ ಒರೆಸುತ್ತಿದ್ದರು. ಒರೆಸಿದರೆ ಹೋಗುವುದು ಬೇರೆ, ಹೋಗದ್ದೇ ಅನುಮಾನದ್ದು. ಡ್ರೈವರುಗಳಲ್ಲಿ ಬಲಗೆನ್ನೆಯನ್ನು ಮೊದಲು ನೋಡಬೇಕು ಎಂಬುದನ್ನು ನಾವು ಕೆಲವೇ ವಾರಗಳಲ್ಲಿ ಕಲಿತೆವು. ಅವರು ಉಗಿಯುವುದು ಬಲಗಡೆಯ ಕಿಟಕಿಯಿಂದ. ಆದ್ದರಿಂದ ಹೊಗೆಸೊಪ್ಪು ಸುಣ್ಣದ ಉಂಡೆಯನ್ನು ಬಲಗಡೆಯೇ ಒತ್ತರಿಸಿಕೊಳ್ಳುತ್ತಿದ್ದರು. ಸುಣ್ಣ ಸುಡುತ್ತಿದ್ದರೆ ನಿದ್ದೆ ಬರುವುದಿಲ್ಲ ಎಂದು ಒಬ್ಬ ಹೇಳಿದ್ದ. ನಿದ್ದೆ ಬಂದರೆ ಸಾವು. ಸುಟ್ಟ ಬಾಯಿ ಅವರಿಗೆ ಅದಕ್ಕಿಂತ ಅಗ್ಗ.

ಇದನ್ನು ಬಿಡಿಸುವುದು ನನ್ನ ಭಾಷಣದಿಂದ ಆಗುವ ಕೆಲಸವಾಗಿರಲಿಲ್ಲ. ಭಿತ್ತಿಚಿತ್ರ ತೋರಿಸಿದರೆ ನಗುತ್ತಿದ್ದರು. ಕೊನೆಗೆ ನಾನು ಚಿತ್ರಗಳನ್ನು ವ್ಯಾನಿನಲ್ಲೇ ಬಿಟ್ಟು, ಅವರವರ ಲಾರಿಯ ಪಕ್ಕದ ಕನ್ನಡಿಯಲ್ಲಿ ಅವರವರ ಬಾಯಿಯನ್ನೇ ನೋಡಿಕೊಳ್ಳುವುದನ್ನು ಕಲಿಸತೊಡಗಿದೆ. ಬೆಳಿಗ್ಗೆ ಕನ್ನಡಿ ಒರೆಸುವಾಗ ಕೆನ್ನೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ, ವಾರಗಟ್ಟಲೆ ಮಾಯದ ಹುಣ್ಣಿದ್ದರೆ ಬನ್ನಿ ಎನ್ನುತ್ತಿದ್ದೆ. ಅದು ಅವರಿಗೆ ಹಿಡಿಸಿತು. ಟೈರು, ಆಯಿಲು, ಬಾಯಿ ಎಂದು ತಮಾಷೆ ಮಾಡುತ್ತಲೇ ನೋಡಿಕೊಳ್ಳುತ್ತಿದ್ದರು.

ಸೋಲು ಬೇರೆ ಕಡೆ ಕಾದಿತ್ತು. ಅನುಮಾನದ ಬಾಯಿ ಕಂಡರೆ ಚೀಟಿ ಬರೆದು ಆಸ್ಪತ್ರೆಗೆ ಕಳುಹಿಸುತ್ತಿದ್ದೆವು. ಅಲ್ಲಿ ಒಂದು ಚೂರು ಮಾಂಸ ಕೊಯ್ದು ಪರೀಕ್ಷೆಗೆ ಕಳುಹಿಸಬೇಕು. ಚೀಟಿ ತೆಗೆದುಕೊಂಡವರು ಯಾರೂ ಹೋಗಲಿಲ್ಲ. ಲಾರಿ ಕಾಯುವುದಿಲ್ಲ. ಒಬ್ಬ ಇಳಿದರೆ ಆ ಸೀಟಿನಲ್ಲಿ ಇನ್ನೊಬ್ಬ ಕೂರುತ್ತಾನೆ.

ಮುಳಬಾಗಿಲಿನ ಹೆದ್ದಾರಿಯ ಪಕ್ಕ, ಲಾರಿಗಳು ನಿಲ್ಲುವ ಒಂದು ಹೋಟೆಲಿನ ಮುಂದೆ, ಮುಖಕ್ಕೆ ಟವೆಲು ಸುತ್ತಿಕೊಂಡ ಒಬ್ಬ ನಮ್ಮ ಹತ್ತಿರ ಬಂದ. ಟವೆಲು ಬಿಚ್ಚಿದಾಗ ವಾಸನೆಗೆ ನಾನು ಹಿಂದೆ ಸರಿದೆ. ಬಲಗೆನ್ನೆಯಲ್ಲಿ ತೂತು ಬಿದ್ದಿತ್ತು. ಆ ತೂತಿನ ಮೂಲಕ ಹಲ್ಲುಗಳು ಕಾಣುತ್ತಿದ್ದವು. ಅಂಚಿನಲ್ಲಿ ಹುಳುಗಳಿದ್ದವು. ಡಾಕ್ಟರು ಬಗ್ಗಿ ಆ ಹಲ್ಲುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮುಖ ಗುರುತು ಸಿಗ್ಲಿಲ್ಲ. ಹಲ್ಲು ಗುರುತು ಸಿಕ್ತು. ಹೋದ ಸೀಜನ್‌ನಲ್ಲಿ ನಾನೇ ಚೀಟಿ ಬರ್ದುಕೊಟ್ಟಿದ್ದೆ" ಎಂದರು. ಆತನಿಗೆ ಹೋಟೆಲಿನವರು ಟೀ ಕೊಡುವುದನ್ನು ನಿಲ್ಲಿಸಿದ್ದರಂತೆ. ಕುಡಿದದ್ದು ಕೆನ್ನೆಯಿಂದ ಹೊರಗೆ ಬರುತ್ತಿತ್ತು. ಆತ ಹೆಚ್ಚು ದಿನ ಬದುಕಲಿಲ್ಲ.

ಆ ದಿನದ ನಂತರ ಡಾಕ್ಟರು ತೀರ್ಮಾನ ಮಾಡಿದರು. ಇನ್ನು ಮೇಲೆ ಚೀಟಿ ಬೇಡ, ಅನುಮಾನವಿದ್ದರೆ ಚೂರನ್ನು ವ್ಯಾನಿನಲ್ಲೇ ಕೊಯ್ದು ನಾವೇ ಕಳುಹಿಸೋಣ, ಫಲಿತಾಂಶ ಬಂದ ಮೇಲೆ ಆ ಮನುಷ್ಯನನ್ನು ಎಲ್ಲಿದ್ದರೂ ಹಿಡಿಯೋಣ ಎಂದು. ಆಸ್ಪತ್ರೆಯವರು ಬಾಯಿ ಮಾತಿನಲ್ಲಿ ಒಪ್ಪಿದರು. ಒಪ್ಪದವನು ನಮ್ಮ ವ್ಯಾನಿನ ಡ್ರೈವರ್ ಒಬ್ಬನೇ.

"ಸಾರ್, ನೋಡೋದು ಬೇರೆ, ಕೊಯ್ಯೋದು ಬೇರೆ" ಎಂದ ಅವನು. "ಈ ಕಡೆ ಜನ ಆಪರೇಷನ್ ವ್ಯಾನು ಮರ್ತಿಲ್ಲ. ಕತ್ತರಿ ಕಂಡ್ರೆ ಸುಮ್ನಿರಲ್ಲ."

ಸಂತಾನಹರಣ ಶಸ್ತ್ರಚಿಕಿತ್ಸೆಗೆಂದು ಗಂಡಸರನ್ನು ವ್ಯಾನುಗಳಲ್ಲಿ ತುಂಬಿಕೊಂಡು ಹೋದ ಕಾಲ ಆಗ ಬಹಳ ಹಿಂದಿನದಾಗಿರಲಿಲ್ಲ. ಡಾಕ್ಟರಿಗೂ ಅದು ಗೊತ್ತಿತ್ತು. ಆದರೆ ಅವರ ಕಣ್ಣ ಮುಂದೆ ಇದ್ದದ್ದು ಆ ತೂತು ಬಿದ್ದ ಕೆನ್ನೆ.

ಮಾವಿನ ಸೀಜನ್ನಿನಲ್ಲಿ ನಾವು ಶ್ರೀನಿವಾಸಪುರಕ್ಕೆ ಹೋದೆವು. ಊರ ಹೊರಗಿನ ಒಂದು ಮಂಡಿಯ ಅಂಚಿನಲ್ಲಿ, ಹುಣಸೆ ಮರದ ಕೆಳಗೆ ವ್ಯಾನು ನಿಲ್ಲಿಸಲು ಮಂಡಿಯ ಸಾಹುಕಾರರು ಒಪ್ಪಿದ್ದರು. ನಾಗಪುರಕ್ಕೆ, ದೆಹಲಿಗೆ ಹೋಗುವ ಲಾರಿಗಳು ಸಾಲಾಗಿ ನಿಂತಿದ್ದವು. ಎಲ್ಲಿ ನೋಡಿದರೂ ಕಾಯಿ, ಭತ್ತದ ಹುಲ್ಲು, ಸೊನೆಯ ವಾಸನೆ, ಹರಾಜಿನ ಕೂಗು, ಹಮಾಲಿಗಳ ಓಡಾಟ.

ಬೆಳಗಿನಿಂದ ಹಲವರ ಬಾಯಿ ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹಿರಿಯ ಡ್ರೈವರ್ ಬಂದ. ರಾಯಲ್ಪಾಡಿನ ಕಡೆಯವನು, ಎತ್ತರದ ಆಳು, ಐವತ್ತರ ಹತ್ತಿರದ ವಯಸ್ಸು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಮಂಡಿಯಲ್ಲಿ ಎಲ್ಲರೂ ಅವನನ್ನು ಮಾವ ಎಂದೇ ಕರೆಯುತ್ತಿದ್ದರು. ಅವನು ಬಂದದ್ದು ಬಾಯಿ ತೋರಿಸಲು ಅಲ್ಲ, ಹಗ್ಗ ಉಜ್ಜಿ ಕಿತ್ತುಹೋದ ಅಂಗೈಗೆ ಮುಲಾಮು ಕೇಳಲು. ಮುಲಾಮು ಹಚ್ಚುವಷ್ಟರಲ್ಲಿ ಅವನು ಮೂರು ರಾಜ್ಯದ ಚೆಕ್‌ಪೋಸ್ಟುಗಳ ಕಥೆ ಹೇಳಿ ಮುಗಿಸಿದ್ದ. ಇಷ್ಟು ಮಾತಾಡುವ ಬಾಯನ್ನು ಒಂದು ಸಲ ನೋಡಬೇಕಲ್ಲ ಎಂದೆ ನಾನು. ಅವನು ನಕ್ಕ.

"ನೋಡಕ್ಕಾ. ನನ್ನ ಹೆಂಡ್ತಿ ಇದನ್ನ ಮುಚ್ಚಿಸೋಕೆ ಎಲ್ಲಾ ದೇವ್ರಿಗೂ ಹರಕೆ ಹೊತ್ತವ್ಳೆ. ನಿಮ್ ಕೈಲಿ ಆಗ್ತದೇನೋ ನೋಡಿ."

ಬಲಗೆನ್ನೆಯ ಒಳಗೆ, ಕೊನೆಯ ಹಲ್ಲಿನ ಹತ್ತಿರ, ಬಿಳಿ ಮಚ್ಚೆಯ ನಡುವೆ ಕೆಂಪು ಹುಣ್ಣು. ಡಾಕ್ಟರು ಬೆರಳು ಹಾಕಿ ಒತ್ತಿದರು. ಅಂಚು ಗಟ್ಟಿಯಾಗಿತ್ತು. ನೋವಿದೆಯೇ ಎಂದು ಕೇಳಿದರೆ ಇಲ್ಲ ಎಂದ. ಎಷ್ಟು ದಿನದಿಂದ ಎಂದರೆ ಸಂಕ್ರಾಂತಿಗೆ ಮುಂಚಿನಿಂದ ಎಂದ. ಕತ್ತಿನಲ್ಲಿ ಗಂಟು ಇರಲಿಲ್ಲ. ಡಾಕ್ಟರು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು. ಈಗ ಹಿಡಿದರೆ ಉಳಿಯುವ ಮನುಷ್ಯ, ಮುಂದಿನ ಸೀಜನ್ನಿಗೆ ಬಿಟ್ಟರೆ ಟವೆಲು ಸುತ್ತಿಕೊಂಡು ಬರುವ ಮನುಷ್ಯ. ಅವನ ಲಾರಿ ಸಂಜೆಯೊಳಗೆ ನಾಗಪುರಕ್ಕೆ ಹೊರಡುವುದಿತ್ತು.

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಒಂದು ಚೂರು ಕೊಯ್ಯಬೇಕು, ಸೂಜಿ ಹಾಕಿ ಮರಗಟ್ಟಿಸುತ್ತೇವೆ, ನೋವಾಗದು. ಅವನು ಸ್ವಲ್ಪ ಯೋಚಿಸಿ, ಬೇಗ ಮುಗಿಸಿ, ಟಾರ್ಪಾಲು ಕಟ್ಟಬೇಕು ಎಂದ. ಕೆನ್ನೆ ಮರಗಟ್ಟಿದ ಮೇಲೆ ಹುಣ್ಣಿನ ಅಂಚಿನಿಂದ ತೊಗರಿಬೇಳೆಯಷ್ಟು ಚೂರು ತೆಗೆದರು. ರಕ್ತ ಜೋರಾಗಿಯೇ ಬಂತು. ಗಾಜ್ ಬಟ್ಟೆಯ ಉಂಡೆ ಇಟ್ಟು, ಗಟ್ಟಿಯಾಗಿ ಕಚ್ಚಿಕೊಳ್ಳಲು ಹೇಳಿದರು. ಈ ಕೆಲಸದಲ್ಲಿ ಎಲ್ಲ ರೋಗಿಗಳಿಗೂ ಹೇಳುವ ಮಾತನ್ನೇ ಅವನಿಗೂ ಹೇಳಿದರು. ಒಂದು ಗಂಟೆ ಬಾಯಿ ತೆರೆಯಬಾರದು, ಮಾತಾಡಬಾರದು, ಉಗಿಯಬಾರದು. ತೆರೆದರೆ ಮತ್ತೆ ರಕ್ತ ಕಿತ್ತುಕೊಳ್ಳುತ್ತದೆ. ಇಲ್ಲೇ ಕೂತಿರು ಎಂದೂ ಹೇಳಿದರು. ಅವನು ಲಾರಿಯ ಕಡೆ ಕೈ ತೋರಿಸಿ, ಹಗ್ಗ ಎಳೆಯುವ ಸನ್ನೆ ಮಾಡಿ, ಎದ್ದು ಹೋದ.

ಅವನು ಹೋಗುವುದನ್ನು ನಾನು ನೋಡಿದೆ. ಮರಗಟ್ಟಿದ ಅರ್ಧ ಮುಖ ಜೋತುಬಿದ್ದಿತ್ತು. ತುಟಿಯ ಮೂಲೆಯಿಂದ ಕೆಂಪು ಜೊಲ್ಲು ಇಳಿಯುತ್ತಿತ್ತು, ಅವನಿಗೆ ಅದು ತಿಳಿಯುತ್ತಿರಲಿಲ್ಲ.

ಲಾರಿಯ ಹತ್ತಿರ ಏನಾಯಿತೆಂಬುದು ನನಗೆ ಆಮೇಲೆ ಅವನಿಂದಲೇ ತಿಳಿದದ್ದು. ಸರದಿಯ ಮೇಲೆ ಅದೇ ಲಾರಿ ಓಡಿಸುವ ಅವನ ಜೋಡಿ ಡ್ರೈವರ್, ಬೈರಕೂರಿನ ಕಡೆಯ ಗಿಡ್ಡ, ಅಗಲ ಭುಜದ ಮನುಷ್ಯ, ಅವನ ಮುಖ ನೋಡಿ ಗಾಬರಿಯಾದ. ಏಮೈಂದಿ ಮಾವಾ, ಏನಾಯ್ತು ಎಂದು ಕೇಳಿದ. ದಿನವಿಡೀ ಬಾಯಿ ಮುಚ್ಚದ ಮಾವ ಮಾತಾಡಲಿಲ್ಲ. ವ್ಯಾನಿನವರು ಏನಾದರೂ ಮಾಡಿದರಾ ಎಂದರೆ ಹೌದೆಂದು ತಲೆಯಾಡಿಸಿದ. ಕೊಯ್ದರಾ ಎಂದರೆ ಅದಕ್ಕೂ ಹೌದೆಂದ. ಎಲ್ಲಿ ಎಂದರೆ ಬಾಯಿ ತೋರಿಸಿದ. ತೆಗಿ, ನೋಡುತ್ತೇನೆ ಎಂದರೆ ತೆಗೆಯಲಿಲ್ಲ. ನಾಲಿಗೆ ಕೊಯ್ದರಾ ಎಂದು ಜೋಡಿ ಡ್ರೈವರ್ ಕೂಗಿದಾಗ, ಅದೆಲ್ಲ ಏನಿಲ್ಲ ಬಿಡು ಎಂಬಂತೆ ಕೈ ಬೀಸಿದ. ನೋಡಿದವರಿಗೆ ಅದು ಎಲ್ಲಾ ಹೋಯಿತು ಎಂಬಂತೆ ಕಂಡಿತು. ಇಷ್ಟು ಹೊತ್ತಿಗೆ ಸುತ್ತ ಹಮಾಲಿಗಳು ಸೇರಿದ್ದರು. ಅವನು ಇನ್ನೊಂದು ಸನ್ನೆ ಮಾಡುವ ಮೊದಲೇ ಅವರು ಓಡತೊಡಗಿದ್ದರು.

ನಾನು ವ್ಯಾನಿನ ಒಳಗೆ, ಆ ಚೂರು ಕೆಡದಂತೆ ಹಾಕಿಟ್ಟ ಫಾರ್ಮಲಿನ್ ಸೀಸೆಗೆ ಚೀಟಿ ಅಂಟಿಸುತ್ತಿದ್ದೆ. ಹರಾಜಿನ ಕೂಗು ನಿಂತದ್ದು ಕಿವಿಗೆ ಬಿತ್ತು. ತಲೆಯೆತ್ತಿದಾಗ ಅವರು ಹತ್ತಿರ ಬಂದಿದ್ದರು. ಮುಂದೆ ಜೋಡಿ ಡ್ರೈವರ್, ಕೈಯಲ್ಲಿ ಟೈರು ಬಿಚ್ಚುವ ಕಬ್ಬಿಣದ ಲಿವರು.

"ಯಾವನ್ಲಾ ಡಾಕ್ಟ್ರು?"

ಡಾಕ್ಟರು ಕೈ ತೊಳೆಯುತ್ತಿದ್ದವರು ನೆಟ್ಟಗೆ ನಿಂತು, ನಾನೇ, ಏನಾಯ್ತು ಎಂದರು. ಲಿವರು ಬೀಸಿ ಬಂತು. ನಮ್ಮ ವ್ಯಾನಿನ ಡ್ರೈವರ್ ನಡುವೆ ತೋಳು ಒಡ್ಡಿದ. ಒಣ ಸೌದೆ ಮುರಿದ ಹಾಗೆ ಶಬ್ದವಾಯಿತು. ಅದು ಮೂಳೆ ಎಂದು ನನಗೆ ಹೊಳೆದದ್ದು ಅವನು ಕೂತು ಕಿರುಚಿದ ಮೇಲೆ. ಇನ್ನೊಬ್ಬ ಮಾವಿನ ಪೆಟ್ಟಿಗೆಯ ಹಲಗೆಯಿಂದ ಡಾಕ್ಟರ ಹಣೆಗೆ ಹೊಡೆದ. ಹಲಗೆಯಲ್ಲಿ ಮೊಳೆಯಿತ್ತು. ಹಣೆ ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಅವರನ್ನು ಎತ್ತಿ ವ್ಯಾನಿನ ಒಳಗೆ ಎಸೆದರು. ಅವರು ಬಿದ್ದದ್ದು ನನ್ನ ಕಾಲ ಮೇಲೆ. ಕಾಯಿ, ಕಲ್ಲು, ತಕ್ಕಡಿಯ ಬಟ್ಟು, ಕೈಗೆ ಸಿಕ್ಕಿದ್ದೆಲ್ಲ ಗಾಜಿಗೆ ಬಡಿಯುತ್ತಿತ್ತು. ಇಲ್ಲಿಂದ ಮುಂದೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನನಗೆ ಇವತ್ತಿಗೂ ಸರಿಯಾಗಿ ಜೋಡಣೆಯಾಗುವುದಿಲ್ಲ. ಒಮ್ಮೊಮ್ಮೆ ಬೆಂಕಿ ಮೊದಲು ಬರುತ್ತದೆ, ಒಮ್ಮೊಮ್ಮೆ ಸೀಸೆ.

ಸೀಸೆಯೇ ಮೊದಲು ಇರಬೇಕು. ಯಾರೋ ಒಡೆದ ಕಿಟಕಿಯಿಂದ ನನ್ನ ಕೈ ನೋಡಿದ.

"ಸೀಸೇಲಿ ಹಾಕ್ಕೊಂಡವ್ಳೆ ನೋಡ್ರೋ. ನಾಲ್ಗೆ."

ಮುಷ್ಟಿ ಬಿಗಿಹಿಡಿದೆ. ಧೈರ್ಯವೆಂದು ಹೇಳಲಾರೆ. ಆ ಮನುಷ್ಯನ ಲಾರಿ ಇನ್ನು ಸ್ವಲ್ಪ ಹೊತ್ತಿಗೆ ಹೊರಡುತ್ತದೆ, ಇದಾದ ಮೇಲೆ ಯಾವ ಡಾಕ್ಟರಿಗೂ ಅವನು ಬಾಯಿ ತೋರಿಸುವುದಿಲ್ಲ, ಅವನಿಗೆ ಇರುವುದು ಈ ಚೂರು ಒಂದೇ ಎಂದು ತಲೆಯಲ್ಲಿ ಓಡುತ್ತಿತ್ತು. ನನ್ನ ಜಡೆ ಹಿಡಿದು ಬಾಗಿಲಿನಿಂದ ಹೊರಗೆಳೆದರು. ಮೊಣಕೈ ಊರಿ ನೆಲಕ್ಕೆ ಬಿದ್ದೆ. ಸೀಸೆ ಇನ್ನೂ ಮುಷ್ಟಿಯಲ್ಲಿತ್ತು. ಜೋಡಿ ಡ್ರೈವರ್ ನನ್ನ ಮಣಿಕಟ್ಟಿನ ಮೇಲೆ ಕಾಲಿಟ್ಟ.

"ಬಿಡೇ" ಎಂದ. ಕೂಗಲಿಲ್ಲ. ಮೆಲ್ಲಗೆ ಹೇಳಿದ. ನನಗೆ ಈಗಲೂ ಕೇಳಿಸುವುದು ಆ ಮೆಲ್ಲಗಿನ ದನಿ.

ಚಪ್ಪಲಿಯ ಹಿಮ್ಮಡಿಯನ್ನು ತಿರುಗಿಸಿ ಒತ್ತಿದ. ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಸೀಸೆ ಕಲ್ಲಿಗೆ ಬಡಿದು ಒಡೆಯಿತು. ಫಾರ್ಮಲಿನ್ನಿನ ಘಾಟಿಗೆ ಹತ್ತಿರದವರು ಕೆಮ್ಮುತ್ತ, ಕಣ್ಣುಜ್ಜುತ್ತ ಹಿಂದೆ ಸರಿದರು. ಒಬ್ಬ ಬಗ್ಗಿ ನೋಡಿ, ಇಷ್ಟೇನಾ ಎಂದ. ಇದು ನಾಲಿಗೆ ಅಲ್ವಲ್ಲೋ ಎಂದ ಇನ್ನೊಬ್ಬ. ತುದಿ ಇರಬೇಕು ಎಂದ ಮತ್ತೊಬ್ಬ. ಆಮೇಲೆ ಯಾರದೋ ಕಾಲು ಅದರ ಮೇಲೆ ಬಿತ್ತು. ಹುಲ್ಲು, ಮಣ್ಣು, ಮಾವಿನ ಸೊನೆಯ ನಡುವೆ ಅದು ಕಾಣದಂತಾಯಿತು.

ಅಷ್ಟರಲ್ಲಿ ವ್ಯಾನಿನ ಅಡಿಗೆ ಹುಲ್ಲು ತುರುಕುತ್ತಿದ್ದರು. ಪೆಟ್ಟಿಗೆಗೆ ತುಂಬಲು ತಂದ ಒಣ ಹುಲ್ಲು ಅಲ್ಲಿ ರಾಶಿ ರಾಶಿ ಇತ್ತು. ಯಾರೋ ಡೀಸೆಲ್ ಕ್ಯಾನು ತಂದು ಸುರಿದರು. ಡಾಕ್ಟರು ಒಳಗಿದ್ದರು. ಹೊರಗಿನಿಂದ ಬಾಗಿಲಿಗೆ ಒಬ್ಬ ಬೆನ್ನು ಕೊಟ್ಟು ನಿಂತಿದ್ದ. ಬೆಂಕಿಕಡ್ಡಿ ಗೀರಿದ್ದು ನನಗೆ ಕಾಣಲಿಲ್ಲ. ಹಿಂದಿನ ಚಕ್ರದ ಹತ್ತಿರ ಹೊಗೆ ಎದ್ದದ್ದು ಕಂಡಿತು.

ಆಗ ಮಾವ ಬಂದ. ಎರಡೂ ಕೈಯಿಂದ ಜನರನ್ನು ಬಗೆದುಕೊಂಡು ಬಂದ. ಹಲ್ಲು ಕಚ್ಚಿಕೊಂಡೇ ಇದ್ದ. ಬಾಗಿಲಿಗೆ ನಿಂತವನ ಕತ್ತುಪಟ್ಟಿ ಹಿಡಿದು ಎಳೆದ, ಜೋಡಿ ಡ್ರೈವರನ ಎದೆಗೆ ಗುದ್ದಿದ, ಗಂಟಲಿನಿಂದ ಊಂ ಊಂ ಎಂದು ಶಬ್ದ ಮಾಡಿದ. ನೋವಿನಿಂದ ಹಾಗೆ ಆಡುತ್ತಿದ್ದಾನೆ ಎಂದುಕೊಂಡು ಅವರು ಅವನನ್ನೇ ತಬ್ಬಿ ಹಿಡಿದರು. ನೀನು ಸುಮ್ಮನಿರು ಮಾವ, ನಾವು ನೋಡಿಕೊಳ್ಳುತ್ತೇವೆ ಎಂದು ಜೋಡಿ ಡ್ರೈವರ್ ಸಮಾಧಾನ ಮಾಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು.

ನೆಲದಲ್ಲಿದ್ದ ನಾನು ಕೂಗಿದೆ. "ಅಣ್ಣಾ, ಬಾಯಿ ತೆಗಿ. ತೆಗೆದು ತೋರಿಸು."

ಅವನು ನನ್ನನ್ನು ನೋಡಿ ತಲೆ ಅಡ್ಡಡ್ಡ ಆಡಿಸಿದ. ಒಂದು ಬೆರಳೆತ್ತಿ ತೋರಿಸಿದ. ಒಂದು ಗಂಟೆ ಇನ್ನೂ ಆಗಿರಲಿಲ್ಲ. ಡಾಕ್ಟರು ಹೇಳಿದ ಮಾತನ್ನು ಮೀರಿದರೆ ರಕ್ತ ನಿಲ್ಲದೆ ಸಾಯುತ್ತೇನೆಂದು ಆ ಮನುಷ್ಯ ನಂಬಿದ್ದ. ವ್ಯಾನು ಉರಿಯುತ್ತಿರುವಾಗಲೂ ನಂಬಿದ್ದ. ಆಗ ಒಡೆದ ಕಿಟಕಿಯಲ್ಲಿ ಡಾಕ್ಟರ ಮುಖ ಕಂಡಿತು. ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಅವರು ತಮ್ಮ ಬಾಯಿಯನ್ನೇ ಅಗಲಿಸಿ, ಕೈಯಾಡಿಸಿ, ತೆಗಿಯಪ್ಪ, ತೆಗಿ ಎಂದರು.

ಅವನು ಗಾಜ್ ಉಂಡೆಯನ್ನು ಕಿತ್ತು ಎಸೆದ. ನಾಲಿಗೆಯನ್ನು ಪೂರಾ ಹೊರಗೆ ಚಾಚಿ, ಕೈಯಲ್ಲಿ ಹಿಡಿದೆಳೆದು ಸುತ್ತ ತಿರುಗಿದ. ಗಲ್ಲದ ಮೇಲೆ, ಎದೆಯ ಮೇಲೆ ರಕ್ತ ಸುರಿಯಿತು.

"ಐತೆ ಕಣ್ರೋ ನಾಲ್ಗೆ" ಎಂದ ತೊದಲುತ್ತ. "ಬೆಂಕಿ ಆರಿಸ್ರೋ, ಸಾಯ್ತಾನೆ ಡಾಕ್ಟ್ರು."

ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ಇನ್ನಿಬ್ಬರು ನಕ್ಕರು. ಅವತ್ತು ನಾನು ಕೇಳಿದ ಎಲ್ಲ ಶಬ್ದಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಆ ನಗು. ಹುಲ್ಲು ತುರುಕಿದವರೇ ಹುಲ್ಲು ಎಳೆಯತೊಡಗಿದರು. ತೊಟ್ಟಿಯಿಂದ ಬಕೆಟ್ಟುಗಳಲ್ಲಿ ನೀರು ತಂದರು. ಹಿಂದಿನ ಟೈರು ಢಮ್ಮೆಂದು ಸಿಡಿದಾಗ ಅರ್ಧ ಜನ ಓಡಿಹೋದರು. ಉಳಿದವರು ಬಾಗಿಲು ತೆಗೆದು ಡಾಕ್ಟರನ್ನು ಇಳಿಸಿದರು. ಅದೇ ಕೈಗಳು, ಈಗ ಹುಷಾರಾಗಿ, ಸಾರ್ ಮೆಟ್ಟಿಲು ನೋಡಿ ಎನ್ನುತ್ತಿದ್ದವು.

ಡಾಕ್ಟರು ಮೊದಲು ಮಾಡಿದ್ದು ಮಾವನನ್ನು ಪೆಟ್ಟಿಗೆಯ ಮೇಲೆ ಕೂರಿಸಿ, ಹೊಸ ಗಾಜ್ ಬಟ್ಟೆ ಹೆಬ್ಬೆರಳಿಗೆ ಸುತ್ತಿ, ಅವನ ಕೆನ್ನೆಯೊಳಗೆ ಒತ್ತಿ ಹಿಡಿದದ್ದು. ಅವರ ಹಣೆಯ ರಕ್ತ ಅವರ ಕಣ್ಣಿಗೆ ಇಳಿಯುತ್ತಲೇ ಇತ್ತು. ನಾನು ಸೆರಗಿನಿಂದ ಒರೆಸುತ್ತಿದ್ದೆ. ನನ್ನ ಬಲಗೈ ಊದಿ ಕೆಲಸಕ್ಕೆ ಬಾರದಾಗಿತ್ತು, ಎಡಗೈಯಿಂದ ಒರೆಸುತ್ತಿದ್ದೆ. ಚೂರು ಹೋಯಿತು ಎಂದೆ. ಅವರು ಹೆಬ್ಬೆರಳನ್ನು ಇನ್ನಷ್ಟು ಒತ್ತಿದರು. ನನ್ನ ಅಂಥ ಕೈಯಲ್ಲಿ, ಅವರ ಅಂಥ ಕಣ್ಣಲ್ಲಿ ಇನ್ನೊಮ್ಮೆ ಕೊಯ್ಯುವ ಮಾತೇ ಇರಲಿಲ್ಲ. ಕೋಲಾರಕ್ಕೆ ಬಾ ಎಂದರೆ ಅವನು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕಾಯಿ ಲೋಡಾಗಿತ್ತು, ಹಣ್ಣಾಗುವ ಮೊದಲು ನಾಗಪುರ ಮುಟ್ಟಬೇಕಿತ್ತು.

ಆಗ ಲಾರಿಯೊಂದು ಸ್ಟಾರ್ಟಾದ ಸದ್ದಾಯಿತು. ಮಾವನ ಕಣ್ಣು ಆ ಕಡೆ ಹೊರಳಿತು. ಡಾಕ್ಟರ ಹೆಬ್ಬೆರಳು ಬಾಯಲ್ಲಿದ್ದುದರಿಂದ ಅವನಿಗೆ ಕೂಗಲಾಗಲಿಲ್ಲ, ಎದ್ದು ಓಡಲಾಗಲಿಲ್ಲ. ಟಾರ್ಪಾಲಿನ ಒಂದು ಮೂಲೆ ಇನ್ನೂ ಕಟ್ಟಿರಲಿಲ್ಲ, ಅದು ಹಾರಾಡುತ್ತ ಲಾರಿ ಮಂಡಿಯ ಗೇಟು ದಾಟಿ ಹೋಯಿತು. ಯಾರೋ ಪೊಲೀಸರಿಗೆ ಹೇಳಲು ಹೋಗಿದ್ದಾರೆಂದು ಕೇಳಿ ಜೋಡಿ ಡ್ರೈವರ್ ಒಬ್ಬನೇ ಲೋಡು ಹೊಡೆದುಕೊಂಡು ಓಡಿಹೋಗಿದ್ದ.

ಸಾಹುಕಾರರ ಮೆಟಡೋರಿನಲ್ಲಿ ನಮ್ಮನ್ನು ಕೋಲಾರಕ್ಕೆ ಸಾಗಿಸಿದರು. ಮುರಿದ ತೋಳನ್ನು ಹಲಗೆಗೆ ಕಟ್ಟಿಕೊಂಡ ವ್ಯಾನಿನ ಡ್ರೈವರ್, ತಲೆಗೆ ಬಟ್ಟೆ ಸುತ್ತಿದ ಡಾಕ್ಟರು, ನಾನು. ಎದುರಿನ ಸೀಟಿನಲ್ಲಿ, ಹೋಗಲು ಬೇರೆ ಜಾಗವಿಲ್ಲದ ಮಾವ. ಲಾರಿ ನಿಂತಿದ್ದರೆ ಅವನು ಖಂಡಿತ ಹತ್ತಿಬಿಡುತ್ತಿದ್ದ. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೋ. ನಮ್ಮನ್ನು ಸುಡಲು ಬಂದವನು ಹೆದರಿ ಓಡಿದ್ದರಿಂದಲೇ ಮಾವ ಆಸ್ಪತ್ರೆ ಸೇರಿದ. ಇದರಲ್ಲಿ ಸಮಾಧಾನ ಪಡುವಂಥದ್ದು ಇದೆಯೋ ಇಲ್ಲವೋ ನನಗೆ ತಿಳಿಯುವುದಿಲ್ಲ.

ಎರಡನೆಯ ಚೂರನ್ನು ಬೇರೆ ಡಾಕ್ಟರೊಬ್ಬರು ತೆಗೆದರು. ಲಾರಿ ಹೋಯಿತು, ಇನ್ನು ಏನು ಕೊಯ್ಯುತ್ತೀರೋ ಕೊಯ್ಯಿರಿ ಎಂದು ಮಾವ ಬಾಯಿ ತೆರೆದು ಕೂತ. ಫಲಿತಾಂಶ ಬಂತು. ಕ್ಯಾನ್ಸರೇ, ಆದರೆ ಶುರುವಿನದು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಕೆನ್ನೆಯ ಒಳಭಾಗವನ್ನೂ ದವಡೆಯ ಒಂದು ತುಂಡನ್ನೂ ತೆಗೆದರು. ಗಾಯ ಮಾಯುವವರೆಗೆ ಇರಲೆಂದು ನಮ್ಮ ಆಸ್ಪತ್ರೆಗೇ ಮರಳಿ ಕಳುಹಿಸಿದರು. ಮಂಡಿಯಲ್ಲಿ ಯಾರೂ ಹೆಸರು ಹೇಳದ್ದರಿಂದ ಪೊಲೀಸರು ಗುರುತು ತಿಳಿಯದವರ ಮೇಲೆ ದೂರು ಬರೆದುಕೊಂಡರು. ನಮ್ಮ ವ್ಯಾನಿನ ಡ್ರೈವರನ ತೋಳು ಕೂಡಿತು, ಆದರೆ ಅವನು ಮತ್ತೆ ಗೇರು ಹಾಕುವಷ್ಟು ಬಲ ಬರಲಿಲ್ಲ. ಅವನು ಡಾಕ್ಟರನ್ನು ಕ್ಷಮಿಸಲಿಲ್ಲ. ನೋಡಲು ಹೋದಾಗಲೆಲ್ಲ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದ.

ಕೆಲಸ ನಿಲ್ಲಲಿಲ್ಲ. ಕ್ರಮ ಬದಲಾಯಿತು. ರಸ್ತೆಯಲ್ಲಿ ಕೊಯ್ಯುವುದಿಲ್ಲ. ಅನುಮಾನವಿದ್ದವನ ಜೊತೆಗಾರನನ್ನೂ ಕರೆದು, ಹುಣ್ಣನ್ನು ಅವನಿಗೂ ತೋರಿಸಿ, ಇಬ್ಬರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವುದು. ಅದೂ ಅವರ ಲಾರಿ ಲೋಡು ಇಳಿಸಿ ಮರಳಿ ಬರುವ ದಿನ ನೋಡಿ ಕರೆಯುವುದು. ಹೀಗೆ ಬರುವವರು ಕಡಿಮೆ, ಆದರೆ ಬಂದರು. ನಾನು ಮಾತ್ರ ವ್ಯಾನು ಹತ್ತಲಿಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೇ ಬಾಯಿ ನೋಡುವ ಕೆಲಸ ಕೇಳಿಕೊಂಡೆ.

ಜೋಡಿ ಡ್ರೈವರ್ ಅಲ್ಲಿಗೇ ಬಂದ. ಮಾವನ ಬಟ್ಟೆಯ ಗಂಟು ಬಗಲಲ್ಲಿತ್ತು. ಗೇಟಿನ ಹೊರಗೆ ತುಂಬ ಹೊತ್ತು ನಿಂತಿದ್ದನಂತೆ. ಅವನನ್ನು ವಾರ್ಡಿನ ಬಾಗಿಲಲ್ಲಿ ಕಂಡಾಗ ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಮಾವನ ಮುಖಕ್ಕೆ ಬ್ಯಾಂಡೇಜು, ಮೂಗಿನಲ್ಲಿ ಊಟದ ಕೊಳವೆ. ಮಾತಾಡುವಂತಿರಲಿಲ್ಲ. ಜೋಡಿ ಡ್ರೈವರ್ ಮಂಚದ ಹತ್ತಿರ ಹೋಗಿ, ಗಂಟು ಕೆಳಗಿಟ್ಟು, ಅವನನ್ನೇ ನೋಡುತ್ತ ನಿಂತ. ಈಗ ಏನು ಕೇಳುತ್ತಾನೆ, ಯಾರ ಕಡೆ ತಿರುಗುತ್ತಾನೆ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ಕಾದೆ. ಅವನು ಏನೂ ಕೇಳಲಿಲ್ಲ. ಮಾವ ಕೈಯೆತ್ತಿ ಅವನ ಬಲಗೆನ್ನೆಯನ್ನು ಬೆರಳಿನಿಂದ ತಟ್ಟಿ, ನನ್ನ ಕಡೆ ತೋರಿಸಿದ.

ಅವನು ಹೊರಗೆ ಬಂದು, ನಾನು ಬಾಯಿ ನೋಡುವ ಬೆಂಚಿನ ಮೇಲೆ ಕೂತ. "ನಂದೂ ನೋಡ್ಬೇಕಂತೆ" ಎಂದ, ನೆಲ ನೋಡುತ್ತ.

ಮುಕ್ಕಳಿಸಲು ನೀರು ಕೊಟ್ಟೆ. ಮರದ ಪಟ್ಟಿ ತೆಗೆದುಕೊಂಡೆ. ಅವನು ತಲೆ ಹಿಂದಕ್ಕೆ ಮಾಡಿ ಬಾಯಿ ತೆರೆದ. ಹತ್ತಿರ ಹೋಗಲು ನನ್ನಿಂದಾಗಲಿಲ್ಲ. ಟಾರ್ಚಿನ ಬೆಳಕು ಅವನ ಮುಖದ ಮೇಲೆಲ್ಲ ಅಲುಗುತ್ತಿತ್ತು. ಪಟ್ಟಿ ಅವನ ಹಲ್ಲಿಗೆ ತಾಗಿ ಟಕ ಟಕ ಎಂದಿತು. ಅವನು ಬಾಯಿ ಮುಚ್ಚಿ ನನ್ನ ಕೈ ನೋಡಿದ, ಮಣಿಕಟ್ಟು ನೋಡಿದ.

"ಯಾಕಕ್ಕಾ, ಕೈ ನಡುಗ್ತೈತೆ?"

"ನಿಮ್ಮನ್ನ ನೋಡಿ" ಎಂದೆ.

ಅವನು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಭಾರ ಹಾಕಿ ಕೂತ. ಕಣ್ಣು ಮುಚ್ಚಿಕೊಂಡು ಮತ್ತೆ ಬಾಯಿ ತೆರೆದ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಒಳಗೆ ಬೆಳಕು ಹಾಕಿದೆ.